ಅಟ್ಟದ ಮೇಲಿನ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

ತಿಪಟೂರಿನಲ್ಲಿರುವ ಅಕ್ಕನ ಮನೆಗೆ ಹೋದಾಗ ಅವಳು ಒಂದು ಹಳೇ ಲ್ಯಾಪ್‌ಟಾಪ್ ಬ್ಯಾಗ್ ತಂದು ಮುಂದಿಟ್ಟಳು. "ಇದನ್ನ ಗುಜರಿಯವನಿಗೆ ಕೊಡ್ಲಾ, ಇಲ್ಲ ನೀನೇನಾದ್ರೂ ಮಾಡ್ತೀಯೇನೋ?" ಅಂತ ಕೇಳಿದಳು. ಬ್ಯಾಗಿನ ತುಂಬ ತೆಂಗಿನ ನಾರಿನ ಪುಡಿ. ಕೊಬ್ಬರಿ ಅಟ್ಟದ ಮೇಲೆ ನಾಲ್ಕು ವರ್ಷ ಬಿದ್ದಿತ್ತಂತೆ. ಅದಕ್ಕೂ ಮುಂಚೆ ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದ್ದರು. "ಇದರ ಕಾಲ ಮುಗೀತು, ಹೊಸದು ತಗೊಳ್ಳಿ" ಅಂದು ಕಳಿಸಿದ್ದರು.

ತೆರೆದು ನೋಡಿದೆ. 2009ರ ಕೊನೆಯಲ್ಲಿ ಕೊಂಡದ್ದು. ಇಂಟೆಲ್ ಕೋರ್ 2 ಡುಯೋ ಪ್ರೊಸೆಸರ್, 2 ಜಿಬಿ ರ‍್ಯಾಮ್, 250 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಆನ್ ಮಾಡಿ ಅಡುಗೆಮನೆಗೆ ಹೋಗಿ ಕಾಫಿ ತಗೊಂಡು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರಲಿಲ್ಲ. ಬ್ರೌಸರ್ ತೆರೆದರೆ ಹಾರ್ಡ್ ಡಿಸ್ಕಿನ ದೀಪ ಹತ್ತಿದ್ದು ಆರುವುದೇ ಇಲ್ಲ.

ಇಂಥ ಮೆಷೀನು ಈಗ ಎಷ್ಟೋ ಮನೆಗಳಲ್ಲಿ ಬಿದ್ದಿದೆ. ವಿಂಡೋಸ್ 7ಕ್ಕೆ ಸುರಕ್ಷತೆಯ ಅಪ್‌ಡೇಟ್ ನಿಂತಿದ್ದು 2020ರ ಜನವರಿ 14ಕ್ಕೆ. ಅದರ ಮೇಲೆ ಓಡುವ ಕೊನೆಯ ಕ್ರೋಮ್ 109ನೇ ಆವೃತ್ತಿ, 2023ರ ಜನವರಿಯದ್ದು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಬಂತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇರಬೇಕು ಅನ್ನುತ್ತದೆ. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಪೀಳಿಗೆಯ ಪ್ರೊಸೆಸರ್ ಬೇಕು ಅನ್ನುತ್ತದೆ. ಅಂದರೆ 2017ಕ್ಕೂ ಹಿಂದೆ ಕೊಂಡವರಿಗೆ ಆ ದಾರಿ ಇಲ್ಲ.

ಆಗ ಯಾರಾದರೂ "ವಿಂಡೋಸ್ ತೆಗೆದು ಲಿನಕ್ಸ್ ಹಾಕು" ಅಂತಾರೆ. ಸರಿ ಅಂತ ಹುಡುಕಿದರೆ ಇಪ್ಪತ್ತು ಹೆಸರು ಸಿಗುತ್ತದೆ. ಮಿಂಟ್, ಲುಬುಂಟು, ಪಪ್ಪಿ, ಆಂಟಿಎಕ್ಸ್, ಬೋಧಿ, ಎಂಎಕ್ಸ್... ಎಲ್ಲವೂ "ತುಂಬಾ ಹಗುರ" ಅಂತಲೇ ಹೇಳಿಕೊಳ್ಳುತ್ತವೆ. ತಲೆ ಕೆಡುತ್ತದೆ, ಅಲ್ವಾ? ನನ್ನ ಸಲಹೆ ಇಷ್ಟು: ಹೆಸರಿನಿಂದ ಶುರು ಮಾಡಬೇಡಿ. ನಿಮ್ಮ ಮೆಷೀನಿನೊಳಗೆ ಏನಿದೆ, ಅದರಲ್ಲಿ ನೀವು ಏನು ಮಾಡಬೇಕು ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಇಪ್ಪತ್ತು ಹೆಸರು ತಾನಾಗೇ ಎರಡಕ್ಕೋ ಮೂರಕ್ಕೋ ಇಳಿಯುತ್ತದೆ.

ಭಾರ ಎಲ್ಲಿದೆ?

ನಮ್ಮ ಸರ್ಕಾರಿ ಬಸ್ಸುಗಳನ್ನೇ ನೋಡಿ. ಚಾಸಿ ಬೇರೆ ಬರುತ್ತದೆ, ಬಾಡಿ ಬೇರೆ ಕಟ್ಟುತ್ತಾರೆ. ಅದೇ ಕಂಪನಿಯ ಚಾಸಿ ಮೇಲೆ ಹಳ್ಳಿಗೆ ಹೋಗುವ ಕೆಂಪು ಬಸ್ಸನ್ನೂ ಕಟ್ಟಬಹುದು, ಪುಷ್‌ಬ್ಯಾಕ್ ಸೀಟಿನ ರಾಜಹಂಸವನ್ನೂ ಕಟ್ಟಬಹುದು.

ಲಿನಕ್ಸ್ ಅನ್ನುವುದು ನಿಜಕ್ಕೂ ಆ ಚಾಸಿಯ ಹೆಸರು. ಅದಕ್ಕೆ ಕರ್ನಲ್ ಅಂತಾರೆ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಹಾಗಾಗಿ ಬೇರೆ ಬೇರೆ ತಂಡಗಳು ಆ ಚಾಸಿಯ ಮೇಲೆ ತಮಗೆ ಬೇಕಾದ ಬಾಡಿ ಕಟ್ಟಿದವು. ಅವೇ ಡಿಸ್ಟ್ರೊಗಳು. ಮಿಂಟ್ ಆಗಲಿ ಪಪ್ಪಿ ಆಗಲಿ, ಒಳಗಿನ ಕರ್ನಲ್ ಒಂದೇ ವಂಶದ್ದು. ಆದ್ದರಿಂದ "ಈ ಡಿಸ್ಟ್ರೊ ಹಗುರ" ಅಂದರೆ ಹೆಚ್ಚಿನ ಸಲ ಅರ್ಥ ಇಷ್ಟೇ: ಅದರ ಡೆಸ್ಕ್‌ಟಾಪ್ ಹಗುರ. ಮೆನು, ಕೆಳಗಿನ ಪಟ್ಟಿ, ಕಿಟಕಿಗಳನ್ನು ತೋರಿಸುವ ವ್ಯವಸ್ಥೆ, ಹಿಂದುಗಡೆ ಸುಮ್ನೆ ಓಡುತ್ತಿರುವ ಸಣ್ಣಪುಟ್ಟ ಕೆಲಸಗಳು ಕಮ್ಮಿ.

ಅಂಕಿ ಬೇಕಾ? ಏನೂ ತೆರೆಯದೆ ಸುಮ್ಮನೆ ಬಿಟ್ಟಾಗ ನಾನು ನೋಡಿರುವ ಮಟ್ಟಿಗೆ ಹೇಳುತ್ತೇನೆ. ಗ್ನೋಮ್ ಡೆಸ್ಕ್‌ಟಾಪ್ 1 ಜಿಬಿಗಿಂತ ಜಾಸ್ತಿ ರ‍್ಯಾಮ್ ಹಿಡಿಯುತ್ತದೆ. ಮಿಂಟ್‌ನ ಸಿನಮನ್ ಕೂಡ ಸುಮಾರು ಅಷ್ಟೇ. ಎಕ್ಸ್‌ಎಫ್‌ಸಿಇ 700 ಎಂಬಿ ಆಸುಪಾಸು. ಲುಬುಂಟುವಿನ ಎಲ್‌ಎಕ್ಸ್‌ಕ್ಯೂಟಿ 500ರ ಸುತ್ತಮುತ್ತ. ಆಂಟಿಎಕ್ಸ್ ಬಳಸುವ ಐಸ್‌ಡಬ್ಲ್ಯುಎಂ ಇನ್ನೂರೋ ಇನ್ನೂರೈವತ್ತೋ. ಮೆಷೀನಿಂದ ಮೆಷೀನಿಗೆ ಇದು ಹಿಂದೆಮುಂದೆ ಆಗುತ್ತದೆ. ಆದರೆ ಈ ಕ್ರಮ ಬದಲಾಗಿದ್ದನ್ನು ನಾನು ಕಂಡಿಲ್ಲ.

ಈಗ ಫೈರ್‌ಫಾಕ್ಸ್ ತೆರೆಯಿರಿ. ಒಂದು ಟ್ಯಾಬಿನಲ್ಲಿ ಮೇಲ್, ಇನ್ನೊಂದರಲ್ಲಿ ಯೂಟ್ಯೂಬ್, ಮತ್ತೊಂದರಲ್ಲಿ ಯಾವುದೋ ನ್ಯೂಸ್ ಸೈಟು. ಸಲೀಸಾಗಿ 1 ಜಿಬಿ ದಾಟುತ್ತದೆ. ಬಸ್ಸಿನ ಬಾಡಿಯಲ್ಲಿ ನೂರು ಕೇಜಿ ಉಳಿಸಿ ಟಾಪಿನ ಮೇಲೆ ಹತ್ತು ಮೂಟೆ ಕೊಬ್ಬರಿ ಹೇರಿದ ಹಾಗೆ. ಸಂತೆ ದಿನದ ಬಸ್ಸು ಯಾವುದಾದರೂ ಏದುಸಿರು ಬಿಡುತ್ತದೆ. ಎಲ್‌ಎಕ್ಸ್‌ಕ್ಯೂಟಿ ಮೇಲೋ ಎಕ್ಸ್‌ಎಫ್‌ಸಿಇ ಮೇಲೋ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅವೆರಡರ ನಡುವಿನ ವ್ಯತ್ಯಾಸ ಒಂದು ಟ್ಯಾಬು.

ಆದರೆ ಆ ಒಂದು ಟ್ಯಾಬು 2 ಜಿಬಿ ಮೆಷೀನಿನಲ್ಲಿ ದೊಡ್ಡದು, 8 ಜಿಬಿಯಲ್ಲಿ ಏನೂ ಅಲ್ಲ. ಅದಕ್ಕೇ ಮೊದಲು ಮೆಷೀನು ನೋಡಬೇಕು.

ಮೆಷೀನಿನ ಜಾತಕ

ಮೂರು ವಿಷಯ ಸಾಕು: ಪ್ರೊಸೆಸರ್ 64 ಬಿಟ್‌ದಾ, ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು.

ಬಿಟ್ ಅಂದರೆ ಪ್ರೊಸೆಸರ್ ಒಂದು ಸಲಕ್ಕೆ ಎಷ್ಟು ದೊಡ್ಡ ಅಂಕಿ ನಿಭಾಯಿಸುತ್ತದೆ ಅನ್ನುವ ಲೆಕ್ಕ; 32 ಹಳೆಯದು, 64 ಈಗಿನದು. ಇದರಲ್ಲೇ ಜನ ಎಡವುತ್ತಾರೆ. ವಿಂಡೋಸ್ 7ರ ಸಿಸ್ಟಮ್ ಪುಟದಲ್ಲಿ "32 ಬಿಟ್" ಅಂತ ಕಂಡ ಕೂಡಲೇ ಮೆಷೀನೇ 32 ಬಿಟ್ ಅಂದುಕೊಳ್ಳುತ್ತಾರೆ. ಅಲ್ಲ. ಅದು ವಿಂಡೋಸಿನ ವಿಷಯ. 2 ಜಿಬಿ ರ‍್ಯಾಮ್ ಇದ್ದ ಮೆಷೀನುಗಳಿಗೆ ಆಗ 32 ಬಿಟ್ ವಿಂಡೋಸ್ ಹಾಕಿ ಕೊಡುವುದು ತೀರಾ ಸಾಮಾನ್ಯವಾಗಿತ್ತು. ಅಕ್ಕನದ್ದೂ ಹಾಗೇ ಇತ್ತು. 2006ರಿಂದ ಬಂದ ಕೋರ್ 2 ಡುಯೋ ಪ್ರೊಸೆಸರುಗಳೆಲ್ಲ 64 ಬಿಟ್ಟೇ. ನಿಜವಾದ 32 ಬಿಟ್ ಅಂದರೆ ಹಳೆಯ ಪೆಂಟಿಯಂ 4ಗಳು, ಪೆಂಟಿಯಂ ಎಂ, 2008ರಲ್ಲಿ ಬಂದ ಪುಟಾಣಿ ನೆಟ್‌ಬುಕ್‌ಗಳ ಆಟಮ್ ಎನ್270. ಅನುಮಾನ ಇದ್ದರೆ ಪ್ರೊಸೆಸರಿನ ಪೂರ್ತಿ ಹೆಸರನ್ನು ಇಂಟೆಲ್ ಸೈಟಿನಲ್ಲಿ ಹುಡುಕಿ ನೋಡಿ, ಎರಡು ನಿಮಿಷದ ಕೆಲಸ.

ಇದು ಯಾಕೆ ಮುಖ್ಯ ಅಂದರೆ, 32 ಬಿಟ್‌ನವರ ದಾರಿ ಒಂದೊಂದಾಗಿ ಮುಚ್ಚುತ್ತಿದೆ. ಲಿನಕ್ಸಿನ ಮೇಲೆ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು. ಫೈರ್‌ಫಾಕ್ಸ್ 2025ರ ಅಕ್ಟೋಬರಿನ 144ನೇ ಆವೃತ್ತಿಗೆ ನಿಲ್ಲಿಸಿತು. 1993ರಿಂದ ನಡೆದು ಬಂದಿರುವ ಡೆಬಿಯನ್ ಎಷ್ಟೋ ಡಿಸ್ಟ್ರೊಗಳಿಗೆ ತಾಯಿಬೇರು. ಅದು ಕೂಡ 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಕೊಡಲಿಲ್ಲ. ಡೆಬಿಯನ್ 12 ಮತ್ತು ಅದರ ಮೇಲೆ ಕಟ್ಟಿದವು ಇನ್ನೂ ಇವೆ. ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ಆಯಸ್ಸು. ಅಂದರೆ ನಿಜವಾದ 32 ಬಿಟ್ ಮೆಷೀನಿಗೆ ಜೀವ ಕೊಡಬಹುದು, ಆದರೆ ಬ್ಯಾಂಕ್ ವ್ಯವಹಾರಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಇನ್ನೊಂದು ವಿಚಿತ್ರ ಜಾತಿ ಇದೆ. ಸುಮಾರು ಹತ್ತು ವರ್ಷದ ಹಿಂದೆ ಕಮ್ಮಿ ಬೆಲೆಗೆ ಬಂದ, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ (ಡಿಸ್ಕಿನ ಬದಲು ಬೋರ್ಡಿಗೇ ಕೂರಿಸಿದ ಚಿಪ್) ಇರುವ ಆಟಮ್ ಲ್ಯಾಪ್‌ಟಾಪುಗಳು. ಇವುಗಳಲ್ಲಿ ಕೆಲವಕ್ಕೆ ಪ್ರೊಸೆಸರ್ 64 ಬಿಟ್, ಶುರು ಮಾಡುವ ಫರ್ಮ್‌ವೇರ್ ಮಾತ್ರ 32 ಬಿಟ್. ಹೆಚ್ಚಿನ ಪೆನ್‌ಡ್ರೈವುಗಳನ್ನು ಅವು ಗುರುತಿಸುವುದೇ ಇಲ್ಲ. ಇಂಥದ್ದು ನಿಮ್ಮ ಹತ್ತಿರ ಇದ್ದರೆ 32 ಬಿಟ್ ಯುಇಎಫ್‌ಐ (ಆ ಫರ್ಮ್‌ವೇರಿನ ಹೆಸರು) ಬೆಂಬಲ ಇರುವ ಡೆಬಿಯನ್ ಒಳ್ಳೆಯ ಶುರು.

ಇನ್ನು ಡಿಸ್ಕ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ "ನಿಧಾನ" ಅನ್ನುವ ದೂರಿನ ಮುಕ್ಕಾಲು ಪಾಲು ಇಲ್ಲೇ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ, ಒಂದು ಮುಳ್ಳು ಅತ್ತಿತ್ತ ಓಡಾಡಿ ಓದುತ್ತದೆ. ಒಂದೊಂದು ಸಲ ಜಾಗ ಬದಲಿಸುವುದಕ್ಕೂ ಹತ್ತು ಮಿಲಿಸೆಕೆಂಡಿನ ಹತ್ತಿರ ಬೇಕು. ಅಂದರೆ ಸೆಕೆಂಡಿಗೆ ನೂರು ಸಲ ಓಡಾಡಿದರೆ ಹೆಚ್ಚು. ಮೆಷೀನು ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲು ಓದಬೇಕು. ಕಾಫಿ ಕುಡಿದು ಬಂದರೂ ಮುಗಿಯದ್ದು ಅದಕ್ಕೇ. ಅದರ ಜಾಗಕ್ಕೆ ಹಾಕುವ ಎಸ್‌ಎಸ್‌ಡಿ ಮಾಹಿತಿಯನ್ನು ಚಿಪ್ಪಿನಲ್ಲಿ ಇಡುತ್ತದೆ, ತಿರುಗುವುದು ಏನೂ ಇಲ್ಲ. ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದಬಲ್ಲದು. 2009ರ ಲ್ಯಾಪ್‌ಟಾಪಿನ ಸಾಟಾ ಕೊಂಡಿ ಹಳೆಯದು, ಈಗಿನ ಎಸ್‌ಎಸ್‌ಡಿಯ ಪೂರ್ತಿ ವೇಗ ಅದರಲ್ಲಿ ಹರಿಯಲ್ಲ. ಆದರೂ ಪರವಾಗಿಲ್ಲ. ನಮಗೆ ಬೇಕಾಗಿದ್ದು ಹರಿವಿನ ವೇಗಕ್ಕಿಂತ ಆ ಓಡಾಟ ತಪ್ಪುವುದು.

ಹಾಗಾಗಿ ಡಿಸ್ಟ್ರೊ ಹುಡುಕೋಕೆ ಒಂದು ವಾರ ಕಳೆಯುವ ಬದಲು ಒಂದು ಸಣ್ಣ ಸಾಟಾ ಎಸ್‌ಎಸ್‌ಡಿ ತನ್ನಿ. 120 ಜಿಬಿಯದ್ದೂ ಸಾಕು. ಲ್ಯಾಪ್‌ಟಾಪಿನ ಹಿಂದೆ ಎರಡು ಸ್ಕ್ರೂ ಬಿಚ್ಚಿ ಹಾಕುವ ಕೆಲಸ. ರ‍್ಯಾಮ್ ಕೂಡ ಹಾಗೇ. ಆದರೆ ಡಿಡಿಆರ್2ನಾ, ಡಿಡಿಆರ್3ನಾ ಅಂತ ಮೊದಲು ನೋಡಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ನಿಮ್ಮ ಮದರ್‌ಬೋರ್ಡ್ ಎಷ್ಟು ಜಿಬಿವರೆಗೆ ಒಪ್ಪುತ್ತದೆ ಅನ್ನುವುದನ್ನೂ ನೋಡಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಳಸಿದ ರ‍್ಯಾಮ್ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅದೇ ಥರದ್ದು ಕೇಳಿ.

ಅಕ್ಕನ ಲ್ಯಾಪ್‌ಟಾಪಿಗೆ ನಾನು ಮಾಡಿದ್ದೂ ಇದೇ. ರ‍್ಯಾಮ್ 4 ಜಿಬಿಗೆ ಏರಿಸಿದೆ, ಒಂದು ಎಸ್‌ಎಸ್‌ಡಿ ಹಾಕಿದೆ. ಮುಚ್ಚಳ ತೆಗೆದಾಗ ಫ್ಯಾನಿನ ಬಾಯಿಗೆ ಧೂಳು, ನಾರು ಎಲ್ಲ ಸೇರಿ ದಪ್ಪ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿತ್ತು. ಬಿಸಿ ಗಾಳಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂಥ ಮೆಷೀನಿಗೆ ಯಾವ ಹಗುರ ಓಎಸ್ ಹಾಕಿದರೂ ಅಷ್ಟೇ. ಚಿಮುಟದಲ್ಲಿ ಆ ಕಂಬಳಿ ಕಿತ್ತು, ಪೇಂಟ್ ಬ್ರಷ್ಷಿನಲ್ಲಿ ಗುಡಿಸಿದೆ.

ಹೆಸರುಗಳಿಗೆ ಬರೋಣ

ಮೆಷೀನು 64 ಬಿಟ್, ರ‍್ಯಾಮ್ 4 ಜಿಬಿ ಅಥವಾ ಜಾಸ್ತಿ ಇದ್ದರೆ ಹೆಚ್ಚು ಯೋಚಿಸಬೇಡಿ. ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಇದಕ್ಕಿಂತ ಹಗುರವಾದವು ಬೇಕಾದಷ್ಟಿವೆ, ನಿಜ. ಆದರೆ ವಿಂಡೋಸ್ 7 ಬಳಸಿದವರಿಗೆ ಮಿಂಟ್ ನೋಡಿದರೆ ಹೊಸ ಊರು ಅನ್ನಿಸಲ್ಲ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ವೈಫೈ. ಅಪ್‌ಡೇಟ್ ಬಂದರೆ ಒಂದು ಸಣ್ಣ ಗುರಾಣಿ ಚಿಹ್ನೆ ಕಾಣುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಮಿಂಟ್ ತಂಡ ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, ಆರಾಮಾಗಿ ಇರಬೇಕಾದರೆ 4.

ಇಲ್ಲಿ ಒಂದು ಚಿಕ್ಕ ವಿಷಯ ನನಗೆ ಮುಖ್ಯ. ಲುಬುಂಟು ಡೆಸ್ಕ್‌ಟಾಪ್ ಮಿಂಟ್‌ಗಿಂತ ಹಗುರ. ಆದರೆ ಉಬುಂಟು ಕುಟುಂಬದಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಅನ್ನುವ ರೂಪದಲ್ಲಿ. ಅದು ತನಗೆ ಬೇಕಾದ್ದನ್ನೆಲ್ಲ ಒಂದೇ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಆ ಡಬ್ಬಿ ಮೊದಲ ಸಲ ತೆರೆಯುವಷ್ಟರಲ್ಲಿ ತಾಳ್ಮೆ ಹೋಗುತ್ತದೆ. ಮಿಂಟ್ ಫೈರ್‌ಫಾಕ್ಸನ್ನು ಮಾಮೂಲಿ ಪ್ಯಾಕೇಜಾಗಿಯೇ ಕೊಡುತ್ತದೆ. ಹಗುರ ಡೆಸ್ಕ್‌ಟಾಪಿನಲ್ಲಿ ಉಳಿಸಿದ್ದು ಬ್ರೌಸರಿನಲ್ಲಿ ಹೋಯಿತು ಅಂದರೆ ಏನು ಲಾಭ? ಜೊತೆಗೆ ಲುಬುಂಟುವಿನ ದೀರ್ಘಾವಧಿ ಆವೃತ್ತಿಗೂ ಮೂರೇ ವರ್ಷ ಬೆಂಬಲ. 24.04ಕ್ಕೆ 2027ರ ಏಪ್ರಿಲ್‌ವರೆಗೆ ಮಾತ್ರ. ಊರಲ್ಲಿರುವ ಅಕ್ಕನಿಗೋ ಅಪ್ಪನಿಗೋ ಹಾಕಿಕೊಟ್ಟರೆ ಪ್ರತಿ ಮೂರು ವರ್ಷಕ್ಕೆ ನೀವೇ ಹೋಗಿ ಬದಲಿಸಬೇಕು, ನೆನಪಿರಲಿ.

2 ಜಿಬಿ ಇದ್ದು, ಅದನ್ನು ಏರಿಸುವ ದಾರಿಯೂ ಇಲ್ಲದಿದ್ದರೆ ನನ್ನ ಆಯ್ಕೆ ಆಂಟಿಎಕ್ಸ್. ಗ್ರೀಸ್ ಮೂಲದ್ದು. ಒಂದೊಂದು ಆವೃತ್ತಿಗೂ ಹೋರಾಟಗಾರರ ಹೆಸರಿಡುವ ರೂಢಿ ಅವರದ್ದು, ಹೆಸರಿಗೆ ತಕ್ಕ ಹಟವೂ ಇದೆ. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಎರಡು ರೂಪದಲ್ಲೂ, ಅಂದರೆ 32 ಬಿಟ್ಟಿನಲ್ಲೂ 64 ಬಿಟ್ಟಿನಲ್ಲೂ ಸಿಗುತ್ತದೆ. ನೋಡೋಕೆ ಚೆಂದ ಅಂತ ಹೇಳಲಾರೆ. ಮೆನುವಿನಲ್ಲಿ ಹೊಸಬರಿಗೆ ಅರ್ಥವಾಗದ ಹೆಸರುಗಳು ತುಂಬಿವೆ. ವೈಫೈ ಹೊಂದಿಸುವ ಕಿಟಕಿ ಮೊದಲ ದಿನ ಸ್ವಲ್ಪ ಕಾಡಿಸುತ್ತದೆ. ಆದರೆ 2 ಜಿಬಿಯಲ್ಲಿ ಬ್ರೌಸರಿಗೆ ಒಂದೂವರೆ ಜಿಬಿಗಿಂತ ಜಾಸ್ತಿ ಬಿಟ್ಟುಕೊಡುವುದು ದೊಡ್ಡ ಉಪಕಾರ. ಇದೇ ತಂಡದ ಜೊತೆ ಸೇರಿ ಕಟ್ಟಿದ ಎಂಎಕ್ಸ್ ಲಿನಕ್ಸ್ ಇನ್ನೂ ಸ್ವಲ್ಪ ನಯವಾಗಿದೆ. 3 ಜಿಬಿ, 4 ಜಿಬಿ ಇರುವವರು ಅದನ್ನೂ ನೋಡಬಹುದು.

ರ‍್ಯಾಮ್ ತುಂಬಿದಾಗ ಏನಾಗುತ್ತದೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಸದ್ಯಕ್ಕೆ ಬೇಡದ್ದನ್ನು ಲಿನಕ್ಸ್ ಡಿಸ್ಕಿನ ಮೇಲಿನ ಸ್ವಾಪ್ ಅನ್ನುವ ಜಾಗಕ್ಕೆ ಸಾಗಿಸುತ್ತದೆ. ಮನೆಯಲ್ಲಿ ಜಾಗ ಸಾಲದೆ ಸಾಮಾನನ್ನು ಅಟ್ಟಕ್ಕೆ ಹಾಕಿದಂತೆ. ಬೇಕಾದಾಗಲೆಲ್ಲ ಏಣಿ ಹತ್ತಬೇಕು. ಜೀರ‍್ಯಾಮ್ ಅನ್ನುವ ಇನ್ನೊಂದು ಉಪಾಯ ಇದೆ. ಅದು ಆ ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡಿ ರ‍್ಯಾಮ್‌ನಲ್ಲೇ ಒಂದು ಮೂಲೆಯಲ್ಲಿ ಇಡುತ್ತದೆ. ಮದುವೆ ಮನೆಯಲ್ಲಿ ಬೆಳಗಾಗುತ್ತಲೇ ಹಾಸಿಗೆ ಸುತ್ತಿ ಗೋಡೆಗೆ ಒರಗಿಸುತ್ತಾರಲ್ಲ, ಹಾಗೆ. ಸುತ್ತುವುದಕ್ಕೆ, ಬಿಚ್ಚುವುದಕ್ಕೆ ಪ್ರೊಸೆಸರಿಗೆ ಕೊಂಚ ಕೆಲಸ ಜಾಸ್ತಿ. ಏಣಿ ಹತ್ತುವುದಕ್ಕಿಂತ ಎಷ್ಟೋ ವಾಸಿ. 2 ಜಿಬಿ, 4 ಜಿಬಿ ಮೆಷೀನಿನಲ್ಲಿ ಇದನ್ನು ತಪ್ಪದೆ ಹಾಕಿಕೊಳ್ಳಿ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿದರೆ ಸಿಗುತ್ತದೆ.

1 ಜಿಬಿ, ಅದಕ್ಕಿಂತ ಕಮ್ಮಿ ಇದ್ದರೆ? ಪಪ್ಪಿ ಲಿನಕ್ಸ್ ಇದೆ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ಪೆನ್‌ಡ್ರೈವಿನಿಂದ ಎದ್ದು ಪೂರ್ತಿ ರ‍್ಯಾಮಿಗೆ ಹತ್ತಿ ಕೂರುತ್ತದೆ. ಹಾರ್ಡ್ ಡಿಸ್ಕ್ ಸತ್ತಿರುವ ಮೆಷೀನಿನಲ್ಲೂ ನಡೆಯುತ್ತದೆ, ಹಾಳಾದ ವಿಂಡೋಸಿನಿಂದ ಫೋಟೋ ಈಚೆಗೆ ತೆಗೆಯೋಕೆ ನಾನು ಇದನ್ನೇ ಬಳಸುವುದು. ಆದರೆ ಎಲ್ಲ ಕೆಲಸವನ್ನೂ ರೂಟ್, ಅಂದರೆ ಮನೆ ಯಜಮಾನನ ಅಧಿಕಾರದಲ್ಲೇ ಮಾಡುವುದು ಅದರ ರೂಢಿ. ದಿನನಿತ್ಯ ಇಂಟರ್ನೆಟ್ಟಿಗೆ ಹೋಗೋಕೆ ನನಗೆ ಅದು ಇಷ್ಟ ಇಲ್ಲ. ಟೈನಿ ಕೋರ್ ಅಂತ ಇನ್ನೊಂದಿದೆ, ಇಪ್ಪತ್ತು ಚಿಲ್ಲರೆ ಎಂಬಿಯಲ್ಲಿ ಡೆಸ್ಕ್‌ಟಾಪ್ ಸಮೇತ ಬರುತ್ತದೆ. ಒಂದು ಭಾನುವಾರ ಆಟ ಆಡೋಕೆ ಚೆನ್ನ. ಮನೆಯವರಿಗೆ ಕೊಡಬೇಡಿ.

1 ಜಿಬಿ ಮೆಷೀನಿನಲ್ಲಿ ಈಗಿನ ವೆಬ್‌ಸೈಟುಗಳನ್ನು ನೋಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟೈಪ್ ಮಾಡಬಹುದು, ಹಾಡು ಕೇಳಬಹುದು, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬಹುದು. ಅಷ್ಟು ಸಾಕು ಅನ್ನುವವರಿಗೆ ಅದು ಒಳ್ಳೆಯ ಮೆಷೀನು.

ಹಾಕುವ ಮೊದಲು ಪೆನ್‌ಡ್ರೈವಿನಲ್ಲೇ ನೋಡಿ

ಲಿನಕ್ಸಿನ ಒಂದು ದೊಡ್ಡ ಅನುಕೂಲ ಇದು. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ಓಡಿಸಿ ನೋಡಬಹುದು. ಪೂರ್ತಿ ಡಿಸ್ಟ್ರೊ ತುಂಬಿರುವ ಐಎಸ್‌ಒ ಫೈಲನ್ನು ಆಯಾ ಡಿಸ್ಟ್ರೊದ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ವಿಂಡೋಸಿನಲ್ಲಾದರೆ ರೂಫಸ್, ಇಲ್ಲವೇ ವೆಂಟಾಯ್ ಬಳಸಿ ಪೆನ್‌ಡ್ರೈವಿಗೆ ಬರೆಯಿರಿ. ವೆಂಟಾಯ್ ಇದ್ದರೆ ನಾಲ್ಕೈದು ಡಿಸ್ಟ್ರೊಗಳ ಫೈಲನ್ನು ಒಂದೇ ಪೆನ್‌ಡ್ರೈವಿಗೆ ಸುಮ್ನೆ ಕಾಪಿ ಮಾಡಿದರೆ ಸಾಕು, ಶುರುವಾಗುವಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ. ಆಮೇಲೆ ಮೆಷೀನ್ ಆನ್ ಮಾಡಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ. ಕಂಪನಿಯಿಂದ ಕಂಪನಿಗೆ ಕೀಲಿ ಬೇರೆ. ಅಲ್ಲಿ ಪೆನ್‌ಡ್ರೈವ್ ಆರಿಸಿ.

ಎದ್ದ ಮೇಲೆ ವಾಲ್‌ಪೇಪರ್ ನೋಡುತ್ತ ಕೂರಬೇಡಿ. ವೈಫೈ ಸಿಗುತ್ತಾ? ಹಳೆಯ ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ತಕರಾರು ಬರುವುದುಂಟು. ಆಗ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಚುಚ್ಚಿ, ಅದರ ಇಂಟರ್ನೆಟ್ ಹಂಚಿಕೊಂಡು ಡ್ರೈವರ್ ಇಳಿಸಿಕೊಳ್ಳಿ. ಹಾಡು ಕೇಳಿಸುತ್ತಾ? ಮುಚ್ಚಳ ಮುಚ್ಚಿ ತೆರೆದರೆ ಮತ್ತೆ ಏಳುತ್ತಾ? ಇದೊಂದು ತುಂಬಾ ಜನ ನೋಡಲ್ಲ, ಆಮೇಲೆ ಒದ್ದಾಡುತ್ತಾರೆ. ಪೆನ್‌ಡ್ರೈವಿನಿಂದ ಓಡುವಾಗ ನಿಧಾನ ಇದ್ದರೆ ಗಾಬರಿ ಬೇಡ, ಇನ್‌ಸ್ಟಾಲ್ ಆದ ಮೇಲೆ ಸರಿಹೋಗುತ್ತದೆ.

ಅಕ್ಕನ ಲ್ಯಾಪ್‌ಟಾಪಿನಲ್ಲಿ ವೈಫೈ ತಕ್ಷಣ ಸಿಕ್ಕಿತು. ಆದರೆ ಯಾವ ಸೈಟು ತೆರೆದರೂ "ಈ ಸಂಪರ್ಕ ಸುರಕ್ಷಿತವಲ್ಲ" ಅನ್ನುವ ಕೆಂಪು ಎಚ್ಚರಿಕೆ. ಅರ್ಧ ಗಂಟೆ ರೂಟರ್ ಬೈದೆ, ಡಿಸ್ಟ್ರೊ ಬೈದೆ. ಕೊನೆಗೆ ಮೂಲೆಯ ಗಡಿಯಾರದ ಕಡೆ ಕಣ್ಣು ಹೋಯಿತು: 2009ರ ಜನವರಿ 1. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ. ಮೆಷೀನು ಆಫ್ ಆಗಿರುವಾಗ ಗಡಿಯಾರ ನಡೆಸುವುದು ಅದು. ಅಟ್ಟದ ಮೇಲಿದ್ದಾಗಲೇ ಅದು ಸತ್ತಿತ್ತು. ಸೈಟುಗಳ ಸುರಕ್ಷತಾ ಸರ್ಟಿಫಿಕೇಟಿನಲ್ಲಿ "ಇಂಥ ದಿನದಿಂದ ಇಂಥ ದಿನದವರೆಗೆ" ಅಂತ ಇರುತ್ತದಲ್ಲ, ಮೆಷೀನಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ! ಪೇಟೆಯಲ್ಲಿ ಒಂದು ಸೆಲ್ ತಂದು ಹಾಕಿ ತಾರೀಖು ಸರಿ ಮಾಡಿದೆ. ಎಲ್ಲ ಸೈಟೂ ತೆರೆಯಿತು. ಹಳೇ ಮೆಷೀನಿನಲ್ಲಿ ಅಪ್‌ಡೇಟ್ ಬರುತ್ತಿಲ್ಲ, ಸೈಟು ತೆರೆಯುತ್ತಿಲ್ಲ ಅಂದರೆ ಮೊದಲು ಗಡಿಯಾರ ನೋಡಿ.

ಇನ್‌ಸ್ಟಾಲ್ ಮಾಡುವುದು ಕಷ್ಟ ಅಲ್ಲ. "ಪೂರ್ತಿ ಡಿಸ್ಕ್ ಅಳಿಸು" ಅನ್ನುವುದನ್ನು ಒತ್ತುವ ಮೊದಲು ಮಾತ್ರ ಕೈ ತಡೆಯಿರಿ. ಮದುವೆ ಫೋಟೋ, ಪಹಣಿ ಸ್ಕ್ಯಾನು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ಬೇರೆ ಕಡೆ ಕಾಪಿಯಾಗಿವೆಯಾ? ನಾನಂತೂ ಅಕ್ಕನ ಹಳೇ ಹಾರ್ಡ್ ಡಿಸ್ಕನ್ನು ಹಾಗೇ ಬಿಚ್ಚಿ, ಕವರಿನಲ್ಲಿ ಹಾಕಿ, ಬೀರುವಿನಲ್ಲಿ ಇಡಿಸಿದೆ. ಎಸ್‌ಎಸ್‌ಡಿ ಹಾಕುವುದರಲ್ಲಿ ಈ ಲಾಭವೂ ಇದೆ. ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಹಳೇ ಮೆಷೀನಿಗೆ ನನ್ನ ಪ್ರಕಾರ ಬೇಡ.

ಕನ್ನಡ, ಪ್ರಿಂಟರು, ಯೂಟ್ಯೂಬು

ಮಿಂಟ್‌ನಲ್ಲಿ ಕನ್ನಡ ಓದೋಕೆ ಏನೂ ಮಾಡಬೇಕಿಲ್ಲ. ಆಂಟಿಎಕ್ಸ್‌ನಂಥವುಗಳಲ್ಲಿ ಅಕ್ಷರದ ಬದಲು ಬರೀ ಚೌಕ ಕಂಡರೆ ಲೋಹಿತ್ ಕನ್ನಡ, ನೋಟೊ, ಗುಬ್ಬಿ, ನವಿಲು ಇವುಗಳಲ್ಲಿ ಯಾವುದಾದರೂ ಫಾಂಟ್ ಹಾಕಿಕೊಳ್ಳಿ. ಎಲ್ಲವೂ ಮುಕ್ತ ಫಾಂಟುಗಳೇ. ಟೈಪ್ ಮಾಡೋಕೆ ಐಬಸ್, ಅದರ ಜೊತೆ ಎಂ17ಎನ್ ಅನ್ನುವ ಪ್ಯಾಕೇಜು ಬೇಕು. ಅದರಲ್ಲಿ ಕೆಜಿಪಿ ಅಂತ ಒಂದು ಆಯ್ಕೆ ಇದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರ ಬೆರಳಿಗೆ ಹೊಸದಾಗಿ ಕಲಿಯುವುದು ಏನೂ ಇರಲ್ಲ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಆದರೆ ಹಿಂದೆ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತಗಳಿದ್ದರೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅದು ಲಿನಕ್ಸಿನ ತಪ್ಪಲ್ಲ. ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಲೇಬೇಕು, ಇವತ್ತಲ್ಲ ನಾಳೆ ವಿಂಡೋಸಿನಲ್ಲೂ ಆ ಕೆಲಸ ಇದ್ದದ್ದೇ.

ಪ್ರಿಂಟರ್ ವಿಷಯದಲ್ಲಿ ಅದೃಷ್ಟ ನೋಡಬೇಕು. ಎಚ್‌ಪಿಯ ಎಷ್ಟೋ ಮಾದರಿಗಳು ಚುಚ್ಚಿದ ಕೂಡಲೇ ನಡೆಯುತ್ತವೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕ್ಯಾಪ್ಟ್ ಅನ್ನುವ ಬೇರೆಯದೇ ಭಾಷೆ ಮಾತಾಡುತ್ತದೆ. ಅದಕ್ಕೆ ಡ್ರೈವರ್ ಹೊಂದಿಸೋಕೆ ಕೈಕೆಲಸ ಬೇಕು. ಆ ಪ್ರಿಂಟರೇ ನಿಮ್ಮ ಹೊಟ್ಟೆಪಾಡಾದರೆ ಮೊದಲು ಪೆನ್‌ಡ್ರೈವಿನಲ್ಲಿ ಪ್ರಯೋಗ ಮಾಡಿ ನೋಡಿ. ಟ್ಯಾಲಿ ಮೇಲೆ ನಡೆಯುವ ಅಂಗಡಿಯ ಲೆಕ್ಕ, ಡಿಜಿಟಲ್ ಸಹಿಯ ಡಾಂಗಲ್ ಬೇಕಾಗುವ ಕೆಲಸ ಇದ್ದರೂ ಅಷ್ಟೇ. ಆ ಮೆಷೀನನ್ನು ಆತುರಪಟ್ಟು ಬದಲಿಸಬೇಡಿ.

ಯೂಟ್ಯೂಬ್ ಇನ್ನೊಂದು ತಕರಾರು. ವಿಡಿಯೋವನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತಾರೆ, ನಮ್ಮ ಮೆಷೀನು ಅದನ್ನು ಬಿಚ್ಚಬೇಕು. ಈಗ ಯೂಟ್ಯೂಬ್ ಹೆಚ್ಚಾಗಿ ಕಳಿಸುವುದು ವಿಪಿ9, ಎವಿ1 ರೂಪದಲ್ಲಿ. 2009ರ ಗ್ರಾಫಿಕ್ಸ್ ಚಿಪ್ಪಿಗೆ ಅವುಗಳ ಗಂಧವೇ ಗೊತ್ತಿಲ್ಲ. ಎಲ್ಲ ಭಾರ ಪ್ರೊಸೆಸರಿನ ತಲೆಗೆ ಬೀಳುತ್ತದೆ, ಫ್ಯಾನು ಕೂಗೋಕೆ ಶುರು ಮಾಡುತ್ತದೆ. ಎಚ್264ಇಫೈ ಅನ್ನುವ ಒಂದು ಎಕ್ಸ್‌ಟೆನ್ಷನ್ ಇದೆ. ಅದನ್ನು ಹಾಕಿದರೆ ಹಳೆಯ, ಬಿಚ್ಚೋಕೆ ಸುಲಭವಾದ ಎಚ್.264 ರೂಪವನ್ನೇ ಕೇಳಿ ತರಿಸುತ್ತದೆ. ಜೊತೆಗೆ ಗುಣಮಟ್ಟ 480ಕ್ಕೆ ಇಳಿಸಿ. ಹದಿನಾಲ್ಕು, ಹದಿನೈದು ಇಂಚಿನ ಹಳೇ ಪರದೆಯಲ್ಲಿ ಅದಕ್ಕಿಂತ ಜಾಸ್ತಿ ಕಂಡರೂ ಏನು ಪ್ರಯೋಜನ? ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಕೂಡ ಹಾಕಿ. ನ್ಯೂಸ್ ಸೈಟುಗಳ ಭಾರದಲ್ಲಿ ದೊಡ್ಡ ಪಾಲು ಜಾಹೀರಾತಿನದ್ದೇ. ಹಗುರ ಡೆಸ್ಕ್‌ಟಾಪ್ ಹುಡುಕಿ ಉಳಿಸುವ ರ‍್ಯಾಮನ್ನು ಈ ಒಂದು ಎಕ್ಸ್‌ಟೆನ್ಷನ್ ಉಳಿಸಿಕೊಡುತ್ತದೆ.

ಅಕ್ಕನ ಲ್ಯಾಪ್‌ಟಾಪಿಗೆ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿದೆ. ಈಗ ಒಂದು ನಿಮಿಷದೊಳಗೆ ಏಳುತ್ತದೆ. ಬ್ಯಾಟರಿ ಸತ್ತಿದೆ, ಹಾಗಾಗಿ ವೈರು ಚುಚ್ಚಿಕೊಂಡೇ ಇರಬೇಕು. ಅದನ್ನು ನಡುಮನೆಯ ಮೂಲೆಯ ಮೇಜಿನ ಮೇಲೆ ಇಟ್ಟಿದ್ದಾಳೆ. ಎಲ್ಲ ಮುಗಿಸಿ, ಇದು ಮೆನು, ಇದು ಬ್ರೌಸರ್, ಇಲ್ಲಿ ಕನ್ನಡ ಟೈಪ್ ಮಾಡಬಹುದು ಅಂತ ಅರ್ಧ ಗಂಟೆ ತೋರಿಸಿದೆ. ತಾಳ್ಮೆಯಿಂದ ಕೇಳಿದಳು. ಆಮೇಲೆ ಮೌಸ್ ಕೈಗೆ ತಗೊಂಡು, "ಅದೆಲ್ಲ ಸರಿ ಕಣೋ, ಮುಂಚೆ ಇಸ್ಪೀಟ್ ಆಟ ಇತ್ತಲ್ಲ, ಅದೆಲ್ಲಿ ಹೋಯ್ತು?" ಅಂದಳು. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಐಲ್‌ರಯಟ್ ಹಾಕಿಕೊಟ್ಟೆ. ಕಾಫಿ ಅವತ್ತು ನಾನೇ ಮಾಡಿಕೊಂಡೆ.